ಕಟ್‌ಪೀಸ್ ನಂಜಯ್ಯ ಹೆಣವಾದದ್ದು

ಅರಕಲಗೂಡಿನ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಕಟ್‌ಪೀಸ್ ಅಂಗಡಿ ಇಟ್ಟುಕೊಂಡಿರುವ ನಂಜಯ್ಯನಿಗೆ ಬಟ್ಟೆ ಮಾರುವುದಕ್ಕಿಂತ ಮಾತಾಡುವುದೇ ಹೆಚ್ಚು ಇಷ್ಟ. ರವಿಕೆಗೆಂದು ಒಂದು ಮೀಟರು ಬಟ್ಟೆ ಕೇಳಿ ಬಂದ ಹೆಂಗಸಿನ ತವರೂರು ಯಾವುದೆಂದು ಮೊದಲು ವಿಚಾರಿಸುತ್ತಾನೆ. ಬಟ್ಟೆ ಅಳೆದು ಹರಿಯುವುದರೊಳಗೆ ಆ ಊರಿನ ಕೆರೆ ಕೋಡಿ ಬಿದ್ದ ವರ್ಷ, ಆ ಊರಿನಿಂದ ಬಂದು ತನ್ನ ಜೊತೆ ಹೈಸ್ಕೂಲು ಓದಿದ ಹುಡುಗ, ಆ ಹುಡುಗನ ಎರಡನೇ ಮದುವೆಯ ಊಟ ಎಲ್ಲವೂ ಬಂದು ಹೋಗುತ್ತವೆ. ಮಲ್ಲಿಪಟ್ಟಣದ ಬಸ್ಸಿಗೆ ಕೊನೇ ಗಳಿಗೆಯಲ್ಲಿ ಓಡಿ ಬಂದು ಹತ್ತಿದವರನ್ನು "ನಂಜಯ್ಯನೋರ ಅಂಗ್ಡಿಗೋಗಿದ್ರಾ?" ಎಂದು ಕಂಡಕ್ಟರುಗಳೇ ಕೇಳುತ್ತಾರೆ. ಅಂಗಡಿಯ ಮೂಲೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಿರುವ ಹೆಂಡತಿ ಶಾಂತಕುಮಾರಿ ಮಾತ್ರ ಗಂಡನ ಮಾತನ್ನು ಜಡಿಮಳೆಯ ಸದ್ದಿನಂತೆ ಕೇಳಿಸಿಕೊಂಡು ತನ್ನ ಪಾಡಿಗೆ ಕಾಜಾ ಹಾಕುತ್ತಿರುತ್ತಾಳೆ.

ಅವನ ಬಾಯಲ್ಲಿ ಯಾರ ಬಗ್ಗೆಯೂ ಕೆಟ್ಟ ಮಾತು ಬಂದದ್ದಿಲ್ಲ. ಆದರೆ ಒಂದು ಸಲ ಒಳ್ಳೆಯ ಮಾತೇ ಮನೆ ಒಡೆಯಿತು.

ತಮ್ಮ ಬಸವೇಶ ಇರುವುದು ಕೋಟೆ ಬೀದಿಯ ಹಿರಿಯರ ಮನೆಯಲ್ಲಿ. ರಾಮನಾಥಪುರದ ಕಡೆ ಹೊಗೆಸೊಪ್ಪು ಬೆಳೆಯುತ್ತಾನೆ. ಹರಾಜಿನ ದಿನಗಳಲ್ಲಿ ಅವನು ಮನೆಗೆ ಬಂದರೆ ಅಂಗಿಯ ತುಂಬ ಸೊಪ್ಪಿನ ಘಾಟು. ಅವನ ಮಗಳು ಯಶಸ್ವಿನಿಯನ್ನು ನೋಡಲು ಚನ್ನರಾಯಪಟ್ಟಣದಿಂದ ಗಂಡಿನವರು ಬಂದಿದ್ದರು. ಹುಡುಗಿ ಒಪ್ಪಿಗೆಯಾಗಿ, ಮುಂದಿನ ಮಾತಿಗೆ ದಿನ ಗೊತ್ತು ಮಾಡುತ್ತಿದ್ದಾಗ, ಮಗುವಿನ ಮೇಲಿನ ಅಕ್ಕರೆಯಲ್ಲಿ ನಂಜಯ್ಯ ಉಬ್ಬಿಹೋದ.

"ಈ ಮಗಾನ ಎದೆ ಮ್ಯಾಲೆ ಆಕ್ಕಂಡು ಸಾಕಿದೀನಿ ನಾನು. ಚಿಕ್ಕೋಳಿದ್ದಾಗ ಫಿಟ್ಸ್ ಬರೋದು. ಒಂದಿನ ಬಸ್ಸಿಲ್ಲ, ಕಾರಿಲ್ಲ. ಆಲೂಗಡ್ಡೆ ಲಾರಿ ಅಡ್ಡ ಆಕಿ, ಎತ್ಕಂಡು ಹಾಸನಕ್ಕೆ ಓಡಿದೀನಿ ಸ್ವಾಮಿ..."

ಗಂಡಿನ ತಾಯಿ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು. ಯಶಸ್ವಿನಿಗೆ ಎಂಟನೇ ವಯಸ್ಸಿಗೇ ಅದು ವಾಸಿಯಾಗಿತ್ತು, ಆಮೇಲೆ ಒಮ್ಮೆಯೂ ಬಂದಿರಲಿಲ್ಲ ಎನ್ನುವುದನ್ನು ಕೇಳುವ ತಾಳ್ಮೆ ಯಾರಿಗೂ ಉಳಿಯಲಿಲ್ಲ. ಸಂಬಂಧ ಮುರಿಯಿತು. ಅಂದಿನಿಂದ ಬಸವೇಶ ಅಣ್ಣನ ಜೊತೆ ಮಾತು ಬಿಟ್ಟ. ಬೀದಿಯಲ್ಲಿ ಎದುರಾದರೆ ತನ್ನ ಚಪ್ಪಲಿ ನೋಡಿಕೊಂಡು ಹೋಗುತ್ತಿದ್ದ. ನಂಜಯ್ಯ ಆ ಮನೆಯ ಹೊಸ್ತಿಲು ತುಳಿದು ನಾಲ್ಕು ವರ್ಷವಾಗಿತ್ತು. ಹಬ್ಬ ಬಂದಾಗ ಬಸವೇಶನ ಹೆಂಡತಿ ದಾಕ್ಷಾಯಣಮ್ಮ ಒಬ್ಬಟ್ಟಿನ ಡಬ್ಬಿ ಕಳಿಸುವುದು, ಶಾಂತಕುಮಾರಿ ಅದೇ ಡಬ್ಬಿಗೆ ಕಜ್ಜಾಯ ತುಂಬಿ ವಾಪಸು ಕಳಿಸುವುದು ಮಾತ್ರ ಗಂಡಸರಿಗೆ ಗೊತ್ತಿದ್ದೂ ಗೊತ್ತಿಲ್ಲದಂತೆ ನಡೆದುಕೊಂಡು ಬಂದಿತ್ತು.

ಹೀಗಿರುವಾಗ ಊರಿಗೆ 'ಕಮಲಕ್ಕನ ಕಣ್ಣು' ಬಂತು. ಅದು ಭಾನುವಾರ ಸಂಜೆ ಟೀವಿಯಲ್ಲಿ ಬರುವ ಧಾರಾವಾಹಿ. ಪೋಸ್ಟಾಫೀಸಿನಿಂದ ನಿವೃತ್ತಳಾದ ಕಮಲಕ್ಕ ವಾರಕ್ಕೊಂದು ಊರಿಗೆ ನೆಂಟರ ಮನೆಗೆಂದು ಹೋಗುತ್ತಾಳೆ. ಅವಳು ಹೋದ ಊರಿನಲ್ಲಿ ತಪ್ಪದೆ ಒಂದು ಕೊಲೆಯಾಗುತ್ತದೆ. ಪೊಲೀಸರು ತಲೆ ಕೆರೆದುಕೊಳ್ಳುತ್ತಿರುವಾಗ ಅವಳು ಅವರೆಕಾಯಿ ಸುಲಿಯುತ್ತಲೇ ಕೊಲೆಗಾರನನ್ನು ಹಿಡಿದುಕೊಡುತ್ತಾಳೆ. ರಕ್ತ ತೋರಿಸುವುದಿಲ್ಲ, ಮಕ್ಕಳು ಮುದುಕರು ಒಟ್ಟಿಗೆ ಕೂತು ನೋಡಬಹುದು. "ಇವ್ಳುನ್ನ ಯಾವ ನೆಂಟ್ರು ಒಳಕ್ಕೆ ಸೇರುಸ್ತಾರೋ" ಎಂದು ಗೊಣಗುತ್ತಿದ್ದ ಶಾಂತಕುಮಾರಿಯೂ ಒಂದು ವಾರ ತಪ್ಪಿಸಿದವಳಲ್ಲ.

ನಿರ್ದೇಶಕ ಮೋಹನ್‌ಕುಮಾರ್ ಹಾಸನದವನು. ಹೊರಗಿನ ಊರುಗಳಿಗೆ ಅಲೆಯುವುದೇಕೆ, ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟು ಬೀದಿಗಳಿವೆ ಎಂದು ಹೊಳೆನರಸೀಪುರದಲ್ಲಿ ಒಂದು ಕೊಲೆ ಮುಗಿಸಿ, ಎರಡನೆಯದಕ್ಕೆ ಅರಕಲಗೂಡಿಗೆ ಬಂದ. ಈ ಸಲ ಸಾಯಬೇಕಾದವನು ಹೊಗೆಸೊಪ್ಪಿನ ದೊಡ್ಡ ವ್ಯಾಪಾರಿ. ಕಂಬದ ಪಡಸಾಲೆ, ತೂಗುಯ್ಯಾಲೆ ಇರುವ ಮನೆ ಬೇಕಿತ್ತು. ಬಸವೇಶನ ಮನೆ ಗೊತ್ತಾಯಿತು.

ಶೂಟಿಂಗಿನ ದಿನ ಊರಿಗೆ ಊರೇ ಕೋಟೆ ಬೀದಿಯಲ್ಲಿತ್ತು. ನಂಜಯ್ಯನೂ ಅಂಗಡಿಯನ್ನು ಹೆಂಡತಿಗೆ ಬಿಟ್ಟು ಬಂದು, ತಮ್ಮನ ಮನೆಯ ಎದುರಿನ ಜಗುಲಿಯ ಮೇಲೆ ನಿಂತಿದ್ದ. ಅಷ್ಟು ಹೊತ್ತಿಗಾಗಲೇ ಲೈಟಿನ ಹುಡುಗರ ಊರು, ಮನೆದೇವರು ಎಲ್ಲವನ್ನೂ ತಿಳಿದುಕೊಂಡು ಮುಗಿಸಿದ್ದ. ಒಳಗಿನಿಂದ ಗಲಾಟೆ ಕೇಳಿಸಿತು. ವ್ಯಾಪಾರಿಯ ಪಾತ್ರಕ್ಕೆಂದು ಬಂದಿದ್ದ ನಟನಿಗೆ ಮದ್ರಾಸ್ ಐ ಆಗಿ ಕಣ್ಣು ಕೆಂಡದಂತಾಗಿತ್ತು. ಮುಚ್ಚಿದರೂ ನೀರು ಸುರಿಯುತ್ತಿತ್ತು. ಅಳುವ ಹೆಣವನ್ನು ಇಟ್ಟುಕೊಂಡು ಏನು ಮಾಡುವುದೆಂದು ಮೋಹನ್‌ಕುಮಾರ್ ತಲೆ ಮೇಲೆ ಕೈಹೊತ್ತು ಹೊರಗೆ ಬಂದ. ಎದುರಿಗೆ ಜಗುಲಿಯ ಮೇಲೆ ಗುಂಡು ಹೊಟ್ಟೆ, ಬಿಳಿ ಹುರಿಮೀಸೆ, ಅಗಲ ಹಣೆಯ ನಂಜಯ್ಯ ಕೈ ಆಡಿಸುತ್ತ ಏನೋ ಹೇಳುತ್ತಿದ್ದ.

"ಯಜಮಾನ್ರೇ, ನಮ್ಮ ಎಪಿಸೋಡಲ್ಲಿ ಒಂದು ಪಾತ್ರ ಮಾಡ್ತೀರಾ?"

ನಂಜಯ್ಯನ ಎದೆ ಒಂದು ಗೇಣು ಮುಂದೆ ಬಂತು. "ಮಾಡನ ಸಾ. ಡೈಲಾಗು ಎಷ್ಟಿರ್ಲಿ ಬಿಡಿ, ಒಂದ್ಸಲ ಓದ್ಬುಟ್ರೆ ಮುಗೀತು."

"ಡೈಲಾಗ್ ಇಲ್ಲ. ಸತ್ತಿರ್ತೀರಿ."

"ಸಾಯಾಕ್ ಮುಂಚೆ?"

"ಮುಂಚೇನೂ ಇಲ್ಲ. ಎಪಿಸೋಡು ಶುರುವಾಗೋದೇ ನೀವು ಸತ್ತಿರೋದ್ರಿಂದ."

ಸುತ್ತ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಂಜಯ್ಯನಿಗೆ ಮಾತಿಲ್ಲ ಎಂಬ ಬೇಸರಕ್ಕಿಂತ ಬೇರೊಂದು ಅಳುಕು ಹತ್ತಿತು. "ಎಲ್ಲಿ ಸಾಯ್ಬೇಕು?" ಎಂದ ಮೆಲ್ಲಗೆ. ಮೋಹನ್‌ಕುಮಾರ್ ತನ್ನ ಬೆನ್ನ ಹಿಂದಿದ್ದ ಬಸವೇಶನ ಮನೆಯನ್ನು ತೋರಿಸಿದ.

ನಂಜಯ್ಯ ಆ ಬಾಗಿಲನ್ನೇ ನೋಡುತ್ತ ನಿಂತ. ಹೊಸ್ತಿಲ ಒಳಗೆ ಬಸವೇಶ ನಿಂತಿದ್ದ. ಅಣ್ಣತಮ್ಮಂದಿರ ವಿಷಯ ಗೊತ್ತಿದ್ದವರೆಲ್ಲ ನಗು ನಿಲ್ಲಿಸಿದರು. "ಇವರು ಆಗ್ಬೋದಲ್ವಾ ಸಾರ್?" ಎಂದು ಏನೂ ತಿಳಿಯದ ಮೋಹನ್‌ಕುಮಾರ್ ಮನೆಯ ಯಜಮಾನನನ್ನು ಕೇಳಿದ. ಬಸವೇಶ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

"ನಿಮ್ಮ ಎಣ. ನಿಮ್ಮಿಷ್ಟ" ಎಂದು ಹೇಳಿ ಒಳಗೆ ಹೋದ.

ಹೀಗೆ ನಾಲ್ಕು ವರ್ಷದ ಮೇಲೆ ನಂಜಯ್ಯ ತಾನು ಹುಟ್ಟಿದ ಮನೆಯ ಒಳಗೆ ಕಾಲಿಟ್ಟ. ದಾಕ್ಷಾಯಣಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವನಿಗೆ ತಿಳಿಯಲಿಲ್ಲ.

ಮೊದಲು ಉಯ್ಯಾಲೆಯ ಮೇಲೆ ಸತ್ತು ಬಿದ್ದಿರುವ ದೃಶ್ಯ. ಕಥೆಯ ಪ್ರಕಾರ ಆ ಉಯ್ಯಾಲೆ ಯಾವಾಗಲೂ ಕಿರುಗುಟ್ಟುತ್ತದೆ, ಕೊಲೆಯಾದ ಹೊತ್ತಿನಲ್ಲಿ ಮಾತ್ರ ಯಾರಿಗೂ ಸದ್ದು ಕೇಳಿಸುವುದಿಲ್ಲ. ಸರಪಳಿಗೆ ಎಣ್ಣೆ ಬಿಟ್ಟವರು ಯಾರೆಂದು ಹುಡುಕಿ ಕಮಲಕ್ಕ ಕೊಲೆಗಾರನನ್ನು ಹಿಡಿಯುತ್ತಾಳೆ. ಬಸವೇಶನ ಮನೆಯ ಉಯ್ಯಾಲೆ ಕಿರುಗುಟ್ಟುವುದರಲ್ಲಿ ಊರಿಗೇ ಹೆಸರುವಾಸಿ. ಅದನ್ನು ಸುಮ್ಮನಾಗಿಸಲು ಹುಡುಗರು ಒಂದು ಬಾಟಲಿ ಎಣ್ಣೆ ಖಾಲಿ ಮಾಡಿದರು. ಬೆನ್ನ ಕೆಳಗೆ ಹಲಗೆಯ ಅದೇ ಹಳೆಯ ಗಂಟು ಒತ್ತಿದಾಗ ನಂಜಯ್ಯನಿಗೆ, ತಾನೂ ತಮ್ಮನೂ ಅದರ ಮೇಲೆ ಕಾಲು ಕಡೆಗೆ ತಲೆ, ತಲೆ ಕಡೆಗೆ ಕಾಲು ಹಾಕಿ ಮಲಗುತ್ತಿದ್ದದ್ದು ನೆನಪಾಯಿತು. ಹೇಳಲು ಬಾಯಿ ತೆರೆದ.

"ಹೆಣ ಮಾತಾಡಬಾರದು!" ಎಂದು ಮೋಹನ್‌ಕುಮಾರ್ ಕೂಗಿದ.

ಮಧ್ಯಾಹ್ನದ ಹೊತ್ತಿಗೆ ಎರಡನೆಯ ದೃಶ್ಯ. ಆಸ್ಪತ್ರೆಯಿಂದ ದೇಹ ಮನೆಗೆ ಬಂದಿದೆ, ಬಂಧುಗಳು ಕೊನೆಯ ದರ್ಶನಕ್ಕೆ ನೆರೆದಿದ್ದಾರೆ. ಮೋಹನ್‌ಕುಮಾರ್ ಚಾಪೆ ಹಾಸಿಸಿದ್ದ. ಊರಿನ ಹೆಂಗಸರು ಒಪ್ಪಲಿಲ್ಲ. "ನಮ್ಮಲ್ಲಿ ಮಲಗುಸಲ್ಲ ಕಣಪ್ಪ, ಕೂರುಸ್ತಾರೆ" ಎಂದರು. ಸರಿ, ಗೋಡೆಗೊರಗಿಸಿ ಮಣೆಯ ಮೇಲೆ ನಂಜಯ್ಯನನ್ನು ಕೂರಿಸಿ, ಶಲ್ಯ ಹೊದಿಸಿ, ಕೊರಳಿಗೆ ಹಾರ ಹಾಕಿದರು. ಅಷ್ಟರಲ್ಲಿ ಸುದ್ದಿ ತಿಳಿದು ಶಾಂತಕುಮಾರಿ ಅಂಗಡಿಗೆ ಬಾಗಿಲು ಎಳೆದು ಓಡಿ ಬಂದಿದ್ದಳು. ಅಳುವವರ ಸಾಲಿನಲ್ಲಿ ಕೂರಿ ಎಂದು ಯಾರೋ ಕರೆದದ್ದಕ್ಕೆ ಸಿಟ್ಟಿಗೆದ್ದಳು.

"ಗುಂಡ್ಕಲ್ಲಂಗೆ ಕೂತವ್ರೆ, ನಾನ್ಯಾಕಳ್ಲಿ? ದುಡ್ಡು ಕೊಟ್ರೂ ಅಳಲ್ಲ!" ಎಂದು ಅಡುಗೆಮನೆಗೆ ಹೋಗಿ ದಾಕ್ಷಾಯಣಮ್ಮನ ಪಕ್ಕ ಕೂತುಬಿಟ್ಟಳು.

ಮೇಕಪ್ಪಿನವನು ನಂಜಯ್ಯನ ಹಣೆಗೆ ಬಿಳಿ ಬಣ್ಣದ ಪಟ್ಟೆ ಎಳೆದ. ಅದು ಡೊಂಕಾಯಿತು. ಒರೆಸಿ ಮತ್ತೆ ಎಳೆದ, ಹುಬ್ಬಿನ ಮೇಲೆ ಹರಿಯಿತು. ಕಂಬದ ಪಕ್ಕ ನಿಂತು ನೋಡುತ್ತಿದ್ದ ಬಸವೇಶನಿಗೆ ತಡೆಯಲಾಗಲಿಲ್ಲ. ಅದೇ ಗೋಡೆಗೆ, ಅದೇ ಜಾಗದಲ್ಲಿ, ಅವರ ಅಪ್ಪನನ್ನು ಕೂರಿಸಿದ್ದರು. ಅಂದು ಅಣ್ಣತಮ್ಮ ಇಬ್ಬರೂ ಸೇರಿ ವಿಭೂತಿ ಹಚ್ಚಿದ್ದರು.

"ಸರಿ ಅತ್ಲಾಗೆ" ಎಂದು ಮೇಕಪ್ಪಿನವನನ್ನು ಸರಿಸಿ, ದೇವರ ಕೋಣೆಯಿಂದ ವಿಭೂತಿ ಗಟ್ಟಿ ತಂದು, ನೀರಲ್ಲಿ ತೇದು, ಅಣ್ಣನ ಮುಂದೆ ಮಂಡಿಯೂರಿದ.

"ಯಜಮಾನ್ರೇ, ಲೈಟ್ ಸೆಟ್ ಆಗ್ತಿದೆ, ಅಲುಗಾಡಬೇಡಿ. ಕಣ್ಣು ಬಿಡಬೇಡಿ" ಎಂದು ಮೋಹನ್‌ಕುಮಾರನ ದನಿ ದೂರದಿಂದ ಬಂತು.

ನಂಜಯ್ಯ ಕಣ್ಣು ಮುಚ್ಚಿಯೇ ಇದ್ದ. ಆದರೂ ಹಣೆಗೆ ತಾಗಿದ ಮೂರು ಬೆರಳು ಯಾರವೆಂದು ಗೊತ್ತಾಯಿತು. ಹೊಗೆಸೊಪ್ಪಿನ ಘಾಟು, ಬೆರಳ ತುದಿಯ ಒರಟು. ಬೆರಳುಗಳು ಹಣೆಯ ಮೇಲೆ ನಿಧಾನ ಸರಿದವು. ಆಮೇಲೆ, ಕಿವಿಯ ಹತ್ತಿರ, ಬೇರೆ ಯಾರಿಗೂ ಕೇಳಿಸದಷ್ಟು ಸಣ್ಣಗೆ, ತಮ್ಮನ ದನಿ.

"ಎಂಗೆ ಬಾಯ್ ಮುಚ್ಕಂಡು ಕೂತಿದೀಯ ನೋಡಣ್ಣ. ಇಷ್ಟು ದಿನ ಇದುಕ್ಕೇ ಕಾಯ್ತಿದ್ದೆ ನಾನು."

ನಂಜಯ್ಯನ ತುಟಿ ಅದುರಿತು. ಬಸವೇಶ ವಿಭೂತಿಯ ಕೈಯಿಂದಲೇ ಅವನ ಗದ್ದವನ್ನು ಒತ್ತಿ ಹಿಡಿದ.

"ಆ ಸಂಬಂಧ ಓಯ್ತು ಅಂತ ನಂಗೆ ಸಿಟ್ಟಿಲ್ಲ ಕಣಣ್ಣ. ಅವತ್ತು ಸಂಜೆ ಬಂದೆ ನೀನು. ಈ ಕಂಬದ ತಾವ ಕೂತ್ಕಂಡೆ. ಗಂಡಿನೋರು ಅಂಗೆ, ಗಂಡಿನೋರು ಇಂಗೆ, ನಾನಂದಿದ್ದು ಆ ಅರ್ಥದಾಗಲ್ಲ, ಅಂತ ಕತ್ಲಾಗಗಂಟ ಮಾತಾಡ್ದೆ. ಒಳಗೆ ಮಗು ಮುಸುಕಾಕ್ಕಂಡು ಮಲಗಿತ್ತು. ಯಶು ಎಂಗವ್ಳೆ ಅಂತ ಒಂದು ಮಾತು ಕೇಳ್ತೀಯ, ಈಗ ಕೇಳ್ತೀಯ ಅಂತ ಕಾದೆ. ಕೇಳ್ಲಿಲ್ಲ ನೀನು." ಬಸವೇಶ ಎಡತೋಳಿಗೆ ವಿಭೂತಿ ಹಚ್ಚಿದ, ಬಲತೋಳಿಗೆ ಹಚ್ಚಿದ. "ಆಮ್ಯಾಲೂ ಎಷ್ಟೋ ಸಲ ಬಾಗ್ಲಿಗೆ ಬಂದೆ. ಬರೋವಾಗ್ಲೇ ಮಾತಾಡ್ಕಂಡು ಬರ್ತಿದ್ದೆ. ನಾನು ಎಲ್ಲಿಂದ ಬಾಯಿ ಆಕ್ಲಿ? ಬಾಗ್ಲು ಆಕ್ಕಂಡೆ."

ಅಷ್ಟು ಹೇಳಿ ಎದ್ದ. ಹಾರವನ್ನು ಒಮ್ಮೆ ಸರಿಮಾಡಿ ಪಕ್ಕಕ್ಕೆ ಹೋದ.

"ರೆಡಿ! ಎಲ್ಲಾರೂ ಅಳಿ!" ಎಂದ ಮೋಹನ್‌ಕುಮಾರ್. ಕ್ಯಾಮೆರಾ ಓಡಿತು. ಹೆಂಗಸರು ಎದೆ ಬಡಿದುಕೊಂಡು ರಾಗ ತೆಗೆದರು. ಕಮಲಕ್ಕನ ಪಾತ್ರದ ನಟಿ ಕನ್ನಡಕ ಸರಿಮಾಡಿಕೊಂಡು ಹೆಣದ ಕಾಲಿನ ಬಳಿ ಬಗ್ಗಿ ಏನನ್ನೋ ಪರೀಕ್ಷಿಸಿದಳು. ನಂಜಯ್ಯನಿಗೆ ಇದಾವುದೂ ಕಿವಿಗೆ ಬೀಳಲಿಲ್ಲ. ಆ ಸಂಜೆ ಒಳಕೋಣೆಯ ಬಾಗಿಲು ಓರೆಯಾಗಿ ತೆರೆದಿತ್ತು, ಅಲ್ಲಿ ದೀಪ ಹಚ್ಚಿರಲಿಲ್ಲ. ಅದು ತನ್ನ ಕಣ್ಣಿಗೆ ಬಿದ್ದಿತ್ತು ಎನ್ನುವುದು ಈಗ ನೆನಪಿಗೆ ಬಂತು. ನೋಡಿದ್ದ. ನೋಡಿಯೂ ಮಾತಾಡುತ್ತಲೇ ಇದ್ದ. ಮುಚ್ಚಿದ ರೆಪ್ಪೆಯಡಿ ಬಿಸಿಯಾಗಿ ತುಂಬಿ, ಒಂದು ಹನಿ ಕೆನ್ನೆಯ ಮೇಲಿಂದ ಇಳಿದು ಮೀಸೆಯಲ್ಲಿ ನಿಂತಿತು.

"ಕಟ್! ಕಟ್! ಏನ್ರೀ ಇದು, ಇವ್ರಿಗೂ ಮದ್ರಾಸ್ ಐ ಬಂತಾ?"

ಅಳುತ್ತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಬಸವೇಶ ಹೆಗಲ ಟವೆಲ್ಲು ಎಳೆದುಕೊಂಡು ಬಂದು ಅಣ್ಣನ ಮುಖ ಒರೆಸಿದ. ವಿಭೂತಿ ಕೆಡದಂತೆ ಜಾಗರೂಕನಾಗಿ ಒರೆಸಿದ. "ಲೈಟು ಕಣ್ಣಿಗೊಡೀತೈತೆ ಸಾ. ವಯಸ್ಸಾದೋರು. ವಸಿ ತಗ್ಸಿ" ಎಂದು ಮೋಹನ್‌ಕುಮಾರನನ್ನೇ ಗದರಿಸಿದ.

ಮುಂದಿನ ಟೇಕಿನಲ್ಲಿ ನಂಜಯ್ಯ ನಿಜವಾದ ಹೆಣದಷ್ಟೇ ಸ್ತಬ್ಧವಾಗಿ ಕೂತಿದ್ದ ಎಂದು ಎಲ್ಲರೂ ಹೊಗಳಿದರು.

ಊಟಕ್ಕೆ ಬಿಟ್ಟಾಗ ಯಶಸ್ವಿನಿ ಬಂದಳು. ಹೊಳೆನರಸೀಪುರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ಅವಳು ಅರ್ಧ ದಿನದ ರಜೆ ಹಾಕಿ ಬಸ್ಸಿಳಿದು ನೇರ ಮನೆಗೆ ಬಂದರೆ, ಹಿತ್ತಲಿನ ಕಲ್ಲಿನ ಮೇಲೆ ವಿಭೂತಿ, ಹಾರದ ಸಮೇತ ದೊಡ್ಡಪ್ಪ ಕೂತು ಮುದ್ದೆ ಉಣ್ಣುತ್ತಿದ್ದ. ಅವಳಿಗೆ ನಗು ತಡೆಯಲಾಗಲಿಲ್ಲ. ನಂಜಯ್ಯನ ಕೈ ತಟ್ಟೆಯಲ್ಲೇ ನಿಂತಿತು. ನಾಲ್ಕು ವರ್ಷದಿಂದ ಅವಳಿಗೆ ಹೇಳಬೇಕೆಂದು ಕೂಡಿಸಿಟ್ಟ ಮಾತೆಲ್ಲ ಗಂಟಲಿಗೆ ನುಗ್ಗಿ ಬಂತು. ಅದನ್ನೆಲ್ಲ ಒಂದು ತುತ್ತಿನ ಜೊತೆ ನುಂಗಿ, "ಎಂಗಿದೀಯ ಮಗಾ?" ಎಂದ. ಅಷ್ಟೇ ಹೇಳಿ ಸುಮ್ಮನಾದ.

ಅವಳು ಕಾದಳು. ಇನ್ನೂ ಏನೋ ಬರುತ್ತದೆ ಎಂದುಕೊಂಡಳು. ಬರಲಿಲ್ಲ. ಆಮೇಲೆ ಅವಳೂ ಪಕ್ಕದ ಕಲ್ಲಿನ ಮೇಲೆ ಕೂತಳು.

"ಆಗ ತುಂಬಾ ಬೇಜಾರಾಗಿತ್ತು ದೊಡ್ಡಪ್ಪ. ಸಂಬಂಧ ಹೋಯ್ತು ಅಂತಲ್ಲ. ನಂಗೆ ಫಿಟ್ಸ್ ಬರ್ತಿತ್ತು ಅನ್ನೋದನ್ನ ನಾನೇ ಮರೆತುಬಿಟ್ಟಿದ್ದೆ. ಅವತ್ತು ಎಲ್ಲಾರೂ ನನ್ನ ಮುಖ ನೋಡಿದ್ರಲ್ಲ, ಈಗ್ಲೇ ಬಂದುಬಿಡುತ್ತೇನೋ ಅನ್ನೋ ಥರ. ಅದು."

ನಂಜಯ್ಯ ತಲೆಯಾಡಿಸಿದ.

"ಬಹಳ ದಿನ ನಿಮ್ಮ ಮೇಲೆ ಸಿಟ್ಟಿತ್ತು. ಆಮೇಲೆ ಒಂದಿನ ಬಸ್ಸಲ್ಲಿ ಬರ್ತಾ ಇದ್ದೆ. ಮುಂದೆ ಆಲೂಗಡ್ಡೆ ಲಾರಿ. ಆ ಟಾರ್ಪಾಲಿನ ವಾಸನೆ ಬಂತು. ನೀವು ನನ್ನನ್ನ ತೊಡೆ ಮೇಲೆ ಮಲಗಿಸಿಕೊಂಡು ದಾರಿ ಉದ್ದಕ್ಕೂ ಏನೇನೋ ಕಥೆ ಹೇಳಿದ್ರಲ್ಲ, ನಿಮ್ಮ ಹೊಟ್ಟೆ ಅಲುಗಾಡ್ತಿತ್ತಲ್ಲ, ಅದೆಲ್ಲ ನೆನಪಾಯ್ತು." ಅವಳು ಹಾರದಿಂದ ಉದುರಿದ ಒಂದು ಎಸಳನ್ನು ಅವನ ಶಲ್ಯದ ಮೇಲಿಂದ ತೆಗೆದಳು. "ಈಗ ರಾಮನಾಥಪುರದ ಕಡೆಯವರು ಒಬ್ರು ಕೇಳ್ತಿದಾರೆ. ಹುಡುಗ ಹೈಸ್ಕೂಲು ಮೇಷ್ಟ್ರು. ಫೋನಲ್ಲಿ ಮಾತಾಡಿದ ಮೊದಲನೇ ದಿನವೇ ನಾನೇ ಹೇಳ್ಬಿಟ್ಟೆ, ಚಿಕ್ಕವಳಿದ್ದಾಗ ಹೀಗಿತ್ತು, ದೊಡ್ಡಪ್ಪ ಲಾರೀಲಿ ಹಾಸನಕ್ಕೆ ಕರ್ಕೊಂಡು ಹೋಗಿದ್ರು ಅಂತ."

"ಏನಂದ?"

"ಲಾರಿ ಕಥೆ ಪೂರ್ತಿ ಹೇಳಿ ಅಂದ." ಅವಳು ನಕ್ಕಳು. "ಅವ್ರು ನೋಡೋಕೆ ಬರೋ ದಿನ ನೀವೂ ಬರ್ಬೇಕು."

"ಬತ್ತೀನಿ. ಬಾಯಿಗೆ ಬಟ್ಟೆ ತುರುಕ್ಕಂಡು ಬತ್ತೀನಿ."

ಹಿತ್ತಲ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಇಬ್ಬರು ಹೆಂಗಸರಲ್ಲಿ ಶಾಂತಕುಮಾರಿ, "ಅಷ್ಟೊಂದು ಬಟ್ಟೆ ನಮ್ಮಂಗ್ಡೀಲಿಲ್ಲ" ಎಂದಳು.

ಎಪಿಸೋಡು ಬಂದದ್ದು ಅದಾಗಿ ಮೂರನೇ ಭಾನುವಾರ. ಬಸವೇಶನ ಪಡಸಾಲೆಯಲ್ಲೇ ಎಲ್ಲರೂ ಸೇರಿದರು. ಟೀವಿಯಲ್ಲಿ ಅದೇ ಪಡಸಾಲೆ ಕಾಣಿಸಿದಾಗ ಮಕ್ಕಳು ಕಿರುಚಿದರು. ನಂಜಯ್ಯ ಸುಮ್ಮನಿರಲು ಪ್ರಯತ್ನಪಟ್ಟ. ಉಯ್ಯಾಲೆಯ ಮೇಲೆ ತನ್ನ ಬರಿಗಾಲು ಕಂಡದ್ದೇ ತಡ, ಬಾಯಿ ಬಿಚ್ಚಿತು. ಇಲ್ಲಿ ಹಿಂದೆ ಲೈಟಿನವನು ಸೀನಿದ, ಈ ಹಾರ ರುದ್ರಪಟ್ಟಣದಿಂದ ತರಿಸಿದ್ದು, ಅಲ್ಲಿ ಅಳುತ್ತಿರುವವಳು ನಿಜವಾಗಿ ನಗುತ್ತಿದ್ದಾಳೆ ನೋಡಿ ಎಂದು ಒಂದೊಂದಕ್ಕೂ ವಿವರ ಕೊಟ್ಟ. "ಕೊಲೆಗಾರ ಯಾರು ಅಂತ ಕೇಳುಸ್ಕಳ್ಳಕ್ಕೆ ಬಿಡಣ್ಣ" ಎಂದು ಬಸವೇಶ ಎರಡು ಸಲ ಬೈದ. ಕೊಲೆಗಾರ ವ್ಯಾಪಾರಿಯ ಷಡ್ಡಕನಾಗಿದ್ದ. ಕಮಲಕ್ಕ ಅವನ ಅಂಗಿ ತೋಳಿನ ಎಣ್ಣೆ ಕಲೆ ತೋರಿಸಿದಾಗ ಶಾಂತಕುಮಾರಿ, "ನಂಗೆ ಮೊದ್ಲೇ ಗೊತ್ತಿತ್ತು" ಎಂದು ಮಣೆಯಿಂದ ಎದ್ದಳು.

ಆಗಲೇ ಶಾಂತಕುಮಾರಿಯ ಫೋನು ಬಡಿದುಕೊಂಡಿತು. ಅಣ್ಣತಮ್ಮಂದಿರ ಸೋದರತ್ತೆ, ಮಲ್ಲಿಪಟ್ಟಣದವಳು. ತೊಂಬತ್ತು ದಾಟಿದ ಮುದುಕಿ. ಅವಳಿಗೆ ಶೂಟಿಂಗಿನ ಸುದ್ದಿ ಯಾರೂ ಮುಟ್ಟಿಸಿರಲಿಲ್ಲ. ಗೋಡೆಗೊರಗಿ ಕೂತ ನಂಜಯ್ಯನನ್ನು ಟೀವಿಯಲ್ಲಿ ನೋಡಿ ಎದೆ ಒಡೆದುಕೊಂಡಿದ್ದಳು.

"ಯಾವಾಗ್ಲೇ ಶಾಂತಾ ಓಗಿದ್ದು? ನಮ್ಗೊಂದು ಮಾತು ಹೇಳ್ದಂಗೆ ಎಲ್ಲಾ ಮುಗುಸ್ಬುಟ್ರಾ? ಟೀವಿನೋರ್ಗೆ ಹೇಳಿದೀರಿ, ನಂಗೆ ಹೇಳಕ್ಕಾಗ್ಲಿಲ್ವಾ?"

ಶಾಂತಕುಮಾರಿ ಫೋನನ್ನು ಗಂಡನ ಕೈಗೆ ಕೊಟ್ಟಳು.

"ಅತ್ತೆ, ನಾನೇ ಕಣತ್ತೆ, ನಂಜ."

ಅತ್ತೆ ಹೆಸರನ್ನು ಇನ್ನೊಂದು ಸಲ ಹೇಳಿಸಿದಳು. ಆಮೇಲೆ ಮುದುಕಿ ಬಾಯಿಗೆ ಬಂದಂತೆ ಬೈಯತೊಡಗಿದಳು. ನಂಜಯ್ಯ ಒಂದಕ್ಕೂ ಎದುರು ಮಾತಾಡಲಿಲ್ಲ. ಅವಳು ಬೈದು ಸುಸ್ತಾಗುವವರೆಗೆ ಹೂಂ, ಹೂಂ ಎನ್ನುತ್ತ ಕೇಳಿ, ಕೊನೆಗೆ "ಮಂಡಿ ನೋವು ಎಂಗೈತೆ ಅತ್ತೆ?" ಎಂದ. ಅದಕ್ಕೆ ಅವಳು ಹೇಳಿದ್ದು ಬಹಳ ಉದ್ದವಿತ್ತು. ಅದನ್ನೂ ಪೂರ್ತಿ ಕೇಳಿದ. ಬಸವೇಶ ಟೀವಿಯ ಸದ್ದು ತಗ್ಗಿಸಿ ಅಣ್ಣನನ್ನೇ ನೋಡುತ್ತಿದ್ದ.

ರಾಮನಾಥಪುರದವರು ಬಂದು ನೋಡಿಕೊಂಡು ಹೋದರು. ಆ ದಿನ ನಂಜಯ್ಯ ಬಾಯಿ ಮುಚ್ಚಿಕೊಂಡಿದ್ದ ಎಂದೇನೂ ಇಲ್ಲ. ಮೇಷ್ಟ್ರ ಅಜ್ಜಿಯ ತವರು ಯಾವುದೆಂದು ಅವನಿಗೆ ತಿಳಿಯಲೇಬೇಕಿತ್ತು. ಆದರೆ ಕೇಳಿದ ಮೇಲೆ ಅಜ್ಜಿಗೆ ಹೇಳಲು ಬಿಟ್ಟ. ಹೊರಡುವಾಗ ಹುಡುಗ ಅವನ ಹತ್ತಿರ ಬಂದು, "ನಿಮ್ಮನ್ನ ಟೀವೀಲಿ ನೋಡಿದೆ ಸಾ" ಎಂದಾಗ, "ಇನ್ನೊಂದ್ಸಲ ನೋಡಿ, ಎಡಗಾಲು ವಸಿ ಅಲ್ಲಾಡೈತೆ" ಎಂದ. ಮದುವೆ ಮಾಘದಲ್ಲಿ ಎಂದು ಗೊತ್ತಾಯಿತು.

ಮರುದಿನ ಬಸವೇಶ ಕಟ್‌ಪೀಸ್ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತ. ಮದುವೆಗೆ ಒಂದು ಅಂಗಿಯ ಬಟ್ಟೆ ಬೇಕೆಂದ. ನಂಜಯ್ಯ ಕೆನೆಬಣ್ಣದ್ದು ಬಿಚ್ಚಿ ಹಾಸಿದ. ಬಸವೇಶ ನೀಲಿ ಎಂದ. ನೀಲಿ ನಿನ್ನ ಬಣ್ಣಕ್ಕೆ ಒಗ್ಗುವುದಿಲ್ಲ ಎಂದು ನಂಜಯ್ಯ, ನಾನು ಹೆಣ್ಣಿನ ಅಪ್ಪ, ನನಗೆ ಬೇಕಾದ್ದು ಹಾಕಿಕೊಳ್ಳುತ್ತೇನೆ ಎಂದು ಬಸವೇಶ. ಜಗಳ ಬೀದಿಯವರೆಗೂ ಕೇಳಿಸಿತು. ಶಾಂತಕುಮಾರಿ ಟೇಪು ಕೊರಳಿಗೆ ಹಾಕಿಕೊಂಡು ಎದ್ದು ಬಂದು, "ಕೈ ಮ್ಯಾಕೆತ್ತಪ್ಪ ಬಸವೇಶ" ಎಂದಳು. ಸೊಂಟದ ಅಳತೆ ನೋಡಿ, "ಒಟ್ಟೆ ಬಂದ್ಬುಟ್ಟೈತೆ. ಯಾವ ಬಣ್ಣ ಆದ್ರೂ ಜಾಸ್ತಿ ಬಟ್ಟೆ ಬೇಕು" ಎಂದಳು.